ಇಷ್ಟಲಿಂಗಧಾರಿಗಳೂ ಫ್ಲೂರೋಸ್ಕೋಪಿ ಪರೀಕ್ಷೆಯೂ

ವಾರಕ್ಕೊಮ್ಮೆ ನಡೆಯುವ ಪ್ರವಚನ ಮುಗಿದ ತರುವಾಯ ಕೆಲವರು ಸದ್ಭಕ್ತರು ಹಿಂದುಳಿದು ತಮ್ಮ ಸಂದೇಹಗಳನ್ನು ಕೇಳುವುದುಂಟು. ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳನ್ನು ಕುರಿತು ಕೇಳುವವರು ಮೊದಲಿನಿಂದಲೂ ಇದ್ದಾರೆ. ಈಚಿನ ಕೆಲವು ವರ್ಷಗಳಿಂದ ಮತ್ತೊಂದು ಬಗೆಯ ಪ್ರಶ್ನೆಗಳು ಹೆಚ್ಚಾಗಿ ಬರುತ್ತಿವೆ. “ಶಾಸ್ತ್ರಿಗಳೇ, ಎಕ್ಸ್-ರೇ ಟೇಬಲ್ಲಿನ ಮೇಲೆ ಮಲಗುವಾಗ ಲಿಂಗವನ್ನು ತೆಗೆದಿಡಬೇಕೆನ್ನುತ್ತಾರೆ, ತೆಗೆಯಬಹುದೇ?” “ಬೇರಿಯಂ ಎಂಬ ಬಿಳಿಯ ಔಷಧವನ್ನು ಕುಡಿಸುತ್ತಾರಂತೆ, ಅದರಲ್ಲಿ ಏನು ಸೇರಿರುತ್ತದೆ?” “ಆ ಕಿರಣಗಳು ಮೈಯಲ್ಲೇ ಉಳಿದುಬಿಡುತ್ತವೆಯೇ?” ಹೀಗೆ ಕೇಳುವವರಲ್ಲಿ ಕೆಲವರು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಾಡಿದವರು. ಪರೀಕ್ಷೆಯ ಭಯವೊಂದು ಕಡೆ, ಲಿಂಗವಿಯೋಗದ ಭಯ ಇನ್ನೊಂದು ಕಡೆ. ನಡುವೆ ರೋಗ ಮಾತ್ರ ತನ್ನ ಪಾಡಿಗೆ ಬಲಿಯುತ್ತಿರುತ್ತದೆ.

ನಾನು ವೈದ್ಯನಲ್ಲ. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಶರಣಸಾಹಿತ್ಯವನ್ನೂ ಓದಿದವನು. ಆದರೆ ನಮ್ಮ ಹಿರಿಯಣ್ಣನವರಿಗೆ ಪಾರ್ಶ್ವವಾಯು ತಗುಲಿ, ಅವರ ಪರೀಕ್ಷೆಗಾಗಿ ಆಸ್ಪತ್ರೆಯ ಕ್ಷ-ಕಿರಣ ವಿಭಾಗದಲ್ಲಿ ಜೊತೆಗೆ ನಿಲ್ಲುವ ಪ್ರಸಂಗ ಬಂದಿತು. ಅಲ್ಲಿ ಕಂಡದ್ದನ್ನು, ಅನಂತರ ವೈದ್ಯರನ್ನು ಕೇಳಿಯೂ ಪುಸ್ತಕಗಳನ್ನು ನೋಡಿಯೂ ತಿಳಿದದ್ದನ್ನು ನಮ್ಮ ಓದುಗ ಬಂಧುಗಳಿಗೆ ಒಪ್ಪಿಸುವುದು ಉಚಿತವೆಂದು ತೋರಿತು.

ಎಕ್ಸ್-ರೇ ಎಂದರೆ ಎಲ್ಲರಿಗೂ ಗೊತ್ತು. ಉಸಿರು ಬಿಗಿಹಿಡಿದು ನಿಂತರೆ ಕ್ಷಣಮಾತ್ರದಲ್ಲಿ ಒಂದು ಚಿತ್ರ ಮೂಡುತ್ತದೆ. ಅದು ನಿಶ್ಚಲವಾದ ಚಿತ್ರ. ಫ್ಲೂರೋಸ್ಕೋಪಿ ಎಂಬುದು ಅದೇ ಕ್ಷ-ಕಿರಣಗಳಿಂದ ಪಡೆಯುವ ಚಲಿಸುವ ಚಿತ್ರ. ನುಂಗಿದ ತುತ್ತು ಗಂಟಲಿನಿಂದ ಜಠರಕ್ಕೆ ಇಳಿಯುವುದನ್ನು, ಕರುಳು ಹೊಸೆದುಕೊಳ್ಳುವುದನ್ನು, ಹೃದಯದ ರಕ್ತನಾಳದಲ್ಲಿ ಔಷಧ ಹರಿಯುವುದನ್ನು ವೈದ್ಯರು ಪರದೆಯ ಮೇಲೆ ಆಗಿಂದಾಗಲೇ ಕಾಣಬಹುದು. ಅನ್ನನಾಳ, ಜಠರ, ಕರುಳುಗಳ ಬೇರಿಯಂ ಪರೀಕ್ಷೆಗಳು, ಹೃದಯದ ಆಂಜಿಯೋಗ್ರಾಂ ಮತ್ತು ಆಂಜಿಯೋಪ್ಲಾಸ್ಟಿ, ಪಿತ್ತನಾಳದ ಕಲ್ಲು ತೆಗೆಯುವ ಇ.ಆರ್.ಸಿ.ಪಿ., ಮುರಿದ ಮೂಳೆಗೆ ಸರಳು ಕೂಡಿಸುವ ಶಸ್ತ್ರಚಿಕಿತ್ಸೆ, ಇವೆಲ್ಲವೂ ಈ ಒಂದೇ ವಿದ್ಯೆಯ ಆಶ್ರಯದಲ್ಲಿ ನಡೆಯುತ್ತವೆ. ಆದ್ದರಿಂದ ಆಂಜಿಯೋಗ್ರಾಂ ಮಾಡಿಸಿಕೊಂಡವರು ಹೆಸರನ್ನು ಕೇಳದಿದ್ದರೂ ಫ್ಲೂರೋಸ್ಕೋಪಿಗೆ ಒಳಗಾದವರೇ.

ಈ ವಿದ್ಯೆಯ ಇತಿಹಾಸವು ಸ್ವಾರಸ್ಯವಾದುದು. 1895ರ ನವೆಂಬರ್ 8ರ ಸಂಜೆ ಜರ್ಮನಿಯ ವೂರ್ಟ್ಸ್‌ಬುರ್ಗ್ ನಗರದ ತನ್ನ ಪ್ರಯೋಗಶಾಲೆಯಲ್ಲಿ ವಿಲ್ಹೆಲ್ಮ್ ರಾಂಟ್ಜೆನ್ ಎಂಬ ಪ್ರಾಧ್ಯಾಪಕನು ಕಪ್ಪು ಕಾಗದ ಮುಚ್ಚಿದ್ದ ಗಾಜಿನ ನಳಿಗೆಗೆ ವಿದ್ಯುತ್ತನ್ನು ಹಾಯಿಸುತ್ತಿದ್ದಾಗ, ಸ್ವಲ್ಪ ದೂರದಲ್ಲಿದ್ದ ಪರದೆಯೊಂದು ಕತ್ತಲಲ್ಲಿ ಮಿನುಗಿತು. ಆ ಪರದೆಗೆ ಬಳಿದಿದ್ದುದು ಬೇರಿಯಂನ ಒಂದು ಲವಣ. ಎಂದರೆ ಮನುಷ್ಯನ ಕಣ್ಣಿಗೆ ಕ್ಷ-ಕಿರಣವು ಮೊಟ್ಟಮೊದಲು ಗೋಚರಿಸಿದ್ದು ಫಿಲ್ಮಿನ ಮೇಲಲ್ಲ, ಮಿನುಗುವ ಪರದೆಯ ಮೇಲೆ. ರಾಂಟ್ಜೆನ್ ತನ್ನ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಪ್ರಪ್ರಥಮ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು.

ಮರುವರ್ಷವೇ ಅಮೆರಿಕದ ಥಾಮಸ್ ಎಡಿಸನ್ ಇನ್ನೂ ಪ್ರಕಾಶವಾಗಿ ಮಿನುಗುವ ಪರದೆಯನ್ನು ಸಿದ್ಧಪಡಿಸಿ ಫ್ಲೂರೋಸ್ಕೋಪ್ ಎಂಬ ಯಂತ್ರವನ್ನು ಹೊರತಂದನು. ಅವನ ಸಹಾಯಕನಾಗಿದ್ದ ಕ್ಲಾರೆನ್ಸ್ ಡಾಲಿ ಎಂಬಾತನು ದಿನವೂ ತನ್ನ ಕೈಯನ್ನೇ ಕಿರಣಕ್ಕೊಡ್ಡಿ ಯಂತ್ರವನ್ನು ಪರೀಕ್ಷಿಸುತ್ತಿದ್ದನು. ಕೈಯ ಚರ್ಮ ಸುಟ್ಟಿತು, ಹುಣ್ಣಾಯಿತು, ಹುಣ್ಣು ಅರ್ಬುದಕ್ಕೆ ತಿರುಗಿತು. ಕೈಗಳನ್ನು ಕತ್ತರಿಸಿದರೂ ಫಲವಾಗದೆ 1904ರಲ್ಲಿ ತೀರಿಕೊಂಡನು. ಎಡಿಸನ್ ಆ ಕೆಲಸವನ್ನೇ ಕೈಬಿಟ್ಟನು. ಹೀಗೆ ಕ್ಷ-ಕಿರಣದ ಸೇವೆಯಲ್ಲಿ ಪ್ರಾಣ ತೆತ್ತ ವೈದ್ಯರು, ತಂತ್ರಜ್ಞರು, ದಾದಿಯರ ಸ್ಮಾರಕವೊಂದು 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಸ್ಥಾಪಿತವಾಯಿತು. ಮೊದಲಿಗೆ ಅದರಲ್ಲಿ ಕೆತ್ತಿದ ಹೆಸರುಗಳು 169. ಇಂದು ನಾವು ಸುರಕ್ಷಿತವಾಗಿ ಈ ಪರೀಕ್ಷೆ ಮಾಡಿಸಿಕೊಳ್ಳುತ್ತಿರುವುದು ಅವರು ಪಟ್ಟ ಪಾಡಿನ ಪುಣ್ಯದಿಂದ. ಕಾಯಕದ ಮಹಿಮೆಯನ್ನು ಹೇಳುವಾಗ ಅವರನ್ನೂ ನೆನೆಯಬಹುದಲ್ಲವೇ?

ಮೊದಮೊದಲಿಗೆ ಪರದೆಯ ಬೆಳಕು ಎಷ್ಟು ಮಂದವಾಗಿತ್ತೆಂದರೆ, ವೈದ್ಯರು ಪರೀಕ್ಷೆಗೆ ಮುನ್ನ ಕೆಂಪು ಗಾಜಿನ ಕನ್ನಡಕ ಧರಿಸಿಕೊಂಡು ಬಹಳ ಹೊತ್ತು ಕಣ್ಣನ್ನು ಕತ್ತಲೆಗೆ ಪಳಗಿಸಿಕೊಳ್ಳಬೇಕಾಗುತ್ತಿತ್ತು. 1950ರ ದಶಕದಲ್ಲಿ ಬಿಂಬವನ್ನು ಪ್ರಖರಗೊಳಿಸುವ ಸಾಧನ ಬಳಕೆಗೆ ಬಂದಿತು. ಈಗಿನ ಯಂತ್ರಗಳಲ್ಲಿ ಕಿರಣವು ಎಡೆಬಿಡದೆ ಹರಿಯುವುದೂ ಇಲ್ಲ; ಬಿಟ್ಟು ಬಿಟ್ಟು ಮಿಡಿಯುವಂತೆ ಮಾಡಿ, ಕೊನೆಯ ಚಿತ್ರವನ್ನು ಪರದೆಯ ಮೇಲೆ ಹಿಡಿದಿಡುತ್ತಾರೆ. ಇದರಿಂದ ರೋಗಿಗೆ ತಗುಲುವ ಕಿರಣದ ಪ್ರಮಾಣ ಬಹಳ ತಗ್ಗಿದೆ.

ಇನ್ನು ಅಣ್ಣನವರ ವಿಷಯಕ್ಕೆ ಬರುತ್ತೇನೆ. ಅವರಿಗೆ ಎಪ್ಪತ್ತೆಂಟು ವರ್ಷ. ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ತೊದಲುತ್ತಿತ್ತು. ಎರಡು ವಾರಗಳಾದ ಮೇಲೆ ಮನೆಗೆ ಕಳುಹಿಸಿದರು. ಮನೆಗೆ ಬಂದ ಒಂದೂವರೆ ತಿಂಗಳಲ್ಲಿ ಎರಡು ಸಾರಿ ಜ್ವರ ಬಂದು ನ್ಯುಮೋನಿಯಾ ಎಂದಾಯಿತು. ಊಟದಲ್ಲಿ ಆಗಾಗ ಕೆಮ್ಮುತ್ತಿದ್ದರು, ಆದರೆ ನೀರು ಕುಡಿಯುವಾಗ ಕೆಮ್ಮುತ್ತಿರಲಿಲ್ಲ. ಆದ್ದರಿಂದ ನೀರು ಸಲೀಸಾಗಿ ಇಳಿಯುತ್ತಿದೆಯೆಂದೇ ಮನೆಯವರೆಲ್ಲರ ಭಾವನೆ. ಅತ್ತಿಗೆಯವರು ಪ್ರತಿದಿನ ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಮಲಗಿದ್ದಲ್ಲಿಯೇ ಅವರ ಬಾಯಿಗೆ ಪಾದೋದಕವನ್ನು ಹಾಕುತ್ತಿದ್ದರು. ಆಮೇಲೆ ಚಹ, ಆಮೇಲೆ ತಿಳಿಸಾರು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ವೈದ್ಯರು, ಎರಡನೆಯ ಸಲದ ಜ್ವರ ಇಳಿದ ಮೇಲೆ, ನುಂಗುವಿಕೆಯ ಫ್ಲೂರೋಸ್ಕೋಪಿ ಆಗಲೇಬೇಕೆಂದು ಬರೆದುಕೊಟ್ಟರು.

ನುಂಗುವುದು ನಮಗೆ ಸಹಜವೆನಿಸುತ್ತದೆ. ಆದರೆ ಗಂಟಲಿನಲ್ಲಿ ಎರಡು ದಾರಿಗಳುಂಟು: ಹಿಂದೆ ಅನ್ನನಾಳ, ಮುಂದೆ ಶ್ವಾಸನಾಳ. ತುತ್ತು ಬಂದಾಗ ಗಂಟಲ ಗೂಡು ಮೇಲಕ್ಕೇರಿ, ಶ್ವಾಸನಾಳದ ಬಾಯಿ ಮುಚ್ಚಿ, ಅನ್ನನಾಳದ ಬಾಯಿ ತೆರೆಯಬೇಕು. ಇಷ್ಟೂ ಒಂದು ಸೆಕೆಂಡಿನಷ್ಟು ಅಲ್ಪಕಾಲದಲ್ಲಿ ಮುಗಿಯಬೇಕು. ಪಾರ್ಶ್ವವಾಯುವಿನಿಂದ ನರಗಳ ಹಿಡಿತ ಸಡಿಲವಾದವರಲ್ಲಿ ಈ ಕ್ರಮವು ತಡವಾಗುತ್ತದೆ. ಗಟ್ಟಿಯಾದ ಗಂಜಿ ನಿಧಾನವಾಗಿ ಜಾರುವುದರಿಂದ ಅದಕ್ಕೆ ಕಾಲಾವಕಾಶ ದೊರೆಯುತ್ತದೆ. ನೀರಿನಂಥ ತೆಳುವಾದ ದ್ರವವಾದರೋ ಬಾಗಿಲು ಮುಚ್ಚುವುದರೊಳಗಾಗಿ ಶ್ವಾಸನಾಳಕ್ಕೆ ನುಗ್ಗಿಬಿಡುತ್ತದೆ. ಕೆಲವರಿಗೆ ಅಲ್ಲಿಯ ಸ್ಪರ್ಶಜ್ಞಾನವೂ ಕುಂದಿರುವುದರಿಂದ ಕೆಮ್ಮು ಕೂಡ ಬರುವುದಿಲ್ಲ. ನೀರು, ಎಂಜಲು, ಅದರೊಡನೆ ಬಾಯಿಯ ರೋಗಾಣುಗಳು ಸದ್ದಿಲ್ಲದೆ ಶ್ವಾಸಕೋಶವನ್ನು ಸೇರುತ್ತವೆ. ಹೊರಗೆ ನಿಂತು ನೋಡುವವರಿಗೆ ಇದು ತಿಳಿಯುವಂತಿಲ್ಲ. ಪರದೆಯ ಮೇಲೆ ಮಾತ್ರ ಕಾಣುತ್ತದೆ.

ಪರೀಕ್ಷೆಯ ದಿನ ಅಣ್ಣನವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ಕರೆದೊಯ್ದೆವು. ಅಲ್ಲಿದ್ದ ಹುಡುಗ, “ಅಜ್ಜಾರ, ಕೊರಳಾಗಿನ ಬೆಳ್ಳಿ ಸಾಮಾನು ತಗದು ಈ ಟ್ರೇದಾಗ ಇಡ್ರಿ” ಎಂದನು. ಸಾಮಾನು ಎಂಬ ಮಾತು ನನಗೂ ಹಿತವಾಗಲಿಲ್ಲ. ಆ ತಟ್ಟೆಯಲ್ಲಿ ಆಗಲೇ ಯಾರದೋ ಗಡಿಯಾರ, ಬೀಗದ ಕೈಗೊಂಚಲು ಬಿದ್ದಿದ್ದವು. ಅಣ್ಣನವರು ಎಡಗೈಯಿಂದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ತೊದಲುತ್ತಲೇ, “ತಮ್ಮಾ, ಎಲ್ಲಾ ಹೋದ್ರೂ ಇದನ್ನ ಬಿಡಂಗಿಲ್ಲ, ಮನೀಗೆ ನಡಿ” ಎಂದರು. ಹುಡುಗನಿಗೆ ಹೊರಗೆ ಸಾಲಾಗಿ ಕುಳಿತ ರೋಗಿಗಳ ಚಿಂತೆ. ಅವನು ದನಿ ಎತ್ತರಿಸಿದನು. ಅಣ್ಣನವರ ಮಗ ತಂದೆಯ ಮೇಲೆ ರೇಗಿದನು. ಇನ್ನೊಂದು ಗಳಿಗೆಯಾಗಿದ್ದರೆ ಪರೀಕ್ಷೆಯಿಲ್ಲದೆ ಹಿಂತಿರುಗುತ್ತಿದ್ದೆವು.

ಅಣ್ಣನವರ ಹಟವನ್ನು ಮೌಢ್ಯವೆಂದು ತಳ್ಳಿಹಾಕುವುದು ನನ್ನಿಂದಾಗದು. ಲಿಂಗಕ್ಕೂ ಅಂಗಕ್ಕೂ ಅಗಲಿಕೆಯಾದರೆ ಪ್ರಾಣವನ್ನೇ ತೊರೆಯಬೇಕೆಂಬಷ್ಟು ಕಠಿಣವಾದ ಮಾತುಗಳು ನಮ್ಮ ಶಾಸ್ತ್ರಗ್ರಂಥಗಳಲ್ಲಿವೆ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆ ಪಡೆದು ಎಪ್ಪತ್ತು ವರ್ಷ ಎದೆಯ ಮೇಲೆ ಹೊತ್ತುದನ್ನು ತಟ್ಟೆಯಲ್ಲಿಡೆಂದರೆ ಹಿರಿಯ ಜೀವ ತಲ್ಲಣಿಸುವುದು ಸಹಜ. ಆದರೆ ಹುಡುಗನು ಹೇಳಿದ್ದರಲ್ಲಿಯೂ ಸತ್ಯವುಂಟು. ಬೆಳ್ಳಿಯು ಕ್ಷ-ಕಿರಣವನ್ನು ತಡೆಯುತ್ತದೆ. ಗುಂಡಗಡಿಗೆಯಾಗಲಿ ಚೌಕವಾಗಲಿ ಎದೆಯ ಮೇಲಿದ್ದರೆ, ಅದರ ಹಿಂದಿರುವ ಅನ್ನನಾಳದ ಭಾಗವು ಪರದೆಯಲ್ಲಿ ಕಪ್ಪುಗಟ್ಟಿ ಮರೆಯಾಗುತ್ತದೆ. ಒಳಗಿನ ಶಿಲೆಯೂ ನೆರಳು ಬೀಳಿಸುತ್ತದೆ. ಯಾವುದನ್ನು ಕಾಣಲೆಂದು ಬಂದೆವೋ ಅದೇ ಕಾಣದೆ ಹೋದರೆ ಕಿರಣಕ್ಕೆ ಮೈಯೊಡ್ಡಿದ್ದು ವ್ಯರ್ಥ.

ಆಗ ನನಗೆ ನೆನಪಾದದ್ದು ಪಾಠಶಾಲೆಯಲ್ಲಿ ಓದಿದ ‘ಸಿದ್ಧಾಂತ ಶಿಖಾಮಣಿ’ಯ ಲಿಂಗಧಾರಣ ಪ್ರಕರಣ. ಲಿಂಗವನ್ನು ಎದೆಯ ಮೇಲೆಯೇ ಧರಿಸಬೇಕೆಂದು ಅಲ್ಲಿಲ್ಲ. ಶಿರಸ್ಸು, ಕಂಠ, ಕಕ್ಷ, ವಕ್ಷಸ್ಥಲ, ಉದರ, ಹಸ್ತ ಎಂದು ಹಲವು ಸ್ಥಾನಗಳನ್ನು ಹೇಳಿದೆ. ನಾಭಿಯಿಂದ ಕೆಳಗೆ ಕೂಡದೆಂದು ನಿಷೇಧಿಸಿದೆ. ಅಷ್ಟೇಕೆ, ನಿತ್ಯಪೂಜೆಯಲ್ಲಿ ನಾವು ಲಿಂಗವನ್ನು ಎಲ್ಲಿಟ್ಟುಕೊಳ್ಳುತ್ತೇವೆ? ಎಡಗೈಯ ಅಂಗೈಯಲ್ಲಿ. ಕರಸ್ಥಲದಲ್ಲಿರುವಾಗ ಲಿಂಗವು ಅಂಗದಿಂದ ಅಗಲಿತೆಂದು ಯಾರಾದರೂ ಹೇಳುವರೇ? ಅದೇ ಪರಮಶ್ರೇಷ್ಠವಾದ ಸ್ಥಾನ.

ಪರೀಕ್ಷೆ ನಡೆಸುವ ವೈದ್ಯೆಯನ್ನೇ ಕಂಡು ಎರಡು ಮಾತಿನಲ್ಲಿ ವಿಷಯ ತಿಳಿಸಿದೆ. ಆಕೆ ಶಾಂತವಾಗಿ ಕೇಳಿ, “ಕೈಯಲ್ಲಿ ಹಿಡಿದುಕೊಳ್ಳಲಿ, ಕೈ ತೊಡೆಯ ಮೇಲಿದ್ದರೆ ಚಿತ್ರಕ್ಕೆ ಅಡ್ಡ ಬರುವುದಿಲ್ಲ” ಎಂದರು. ನಾಭಿಯ ಕೆಳಗಿನ ಮಾತು ಬಂದಿತೆಂದು ಗಾಲಿಕುರ್ಚಿಯ ತೋಳಿನ ಮೇಲೆ ಕೈಯೂರಲು ಒಪ್ಪಿಗೆ ಕೇಳಿದೆ; ಅದಕ್ಕೂ ಒಪ್ಪಿದರು. ಬೆಳ್ಳಿಯ ಕರಡಿಗೆ, ಶಿವದಾರ ಎರಡನ್ನೂ ನಾನು ತೆಗೆದುಕೊಂಡೆ. ಲಿಂಗವನ್ನು ಹತ್ತಿಯ ಲಿಂಗವಸ್ತ್ರದಲ್ಲಿ ಸುತ್ತಿ ಅಣ್ಣನವರ ಎಡ ಅಂಗೈಯಲ್ಲಿಟ್ಟೆವು. ಅವರ ಮುಖದಲ್ಲಿ ಆಗ ಮೂಡಿದ ಸಮಾಧಾನವನ್ನು ನೋಡಿ ಆ ಹುಡುಗನೂ ಮೆತ್ತಗಾದನು.

ಪರೀಕ್ಷೆಯಲ್ಲಿ ವೈದ್ಯೆಯೊಡನೆ ಮಾತು ಮತ್ತು ನುಂಗುವಿಕೆಯ ತರಬೇತಿ ಪಡೆದ ಚಿಕಿತ್ಸಕರೊಬ್ಬರಿದ್ದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿತು ಬರುವ ಇಂಥವರು ಈಗ ಅನೇಕ ನಗರಗಳ ಆಸ್ಪತ್ರೆಗಳಲ್ಲಿದ್ದಾರೆ. ಅವರು ಬೇರಿಯಂ ಬೆರೆಸಿದ ನೀರನ್ನು, ಅನಂತರ ಅಂಬಲಿಯಷ್ಟು ಗಟ್ಟಿಯಾದುದನ್ನು, ಅದಾದ ಮೇಲೆ ಬಾಳೆಹಣ್ಣಿನಂತೆ ಮೆತ್ತಗಿರುವುದನ್ನು ಒಂದೊಂದು ಚಮಚ ಕೊಟ್ಟರು. ಮೊದಲು ತಲೆ ನೇರ, ಆಮೇಲೆ ಗದ್ದವನ್ನು ಎದೆಯತ್ತ ಬಾಗಿಸಿ ನುಂಗಲು ಹೇಳಿದರು. ಕಿರಣ ಹಾಯ್ದದ್ದು ಒಟ್ಟು ಮೂರು ನಾಲ್ಕು ನಿಮಿಷ ಮಾತ್ರ.

ಆಮೇಲೆ ನಮಗೆ ಆ ಚಿತ್ರವನ್ನು ನಿಧಾನಗತಿಯಲ್ಲಿ ತೋರಿಸಿದರು. ತೆಳುವಾದ ನೀರು ಕರಿಯ ದಾರದಂತೆ ಶ್ವಾಸನಾಳಕ್ಕೆ ಇಳಿಯಿತು. ಅಣ್ಣನವರು ಕೆಮ್ಮಲಿಲ್ಲ, ಕಣ್ಣು ಕೂಡ ಮಿಟುಕಿಸಲಿಲ್ಲ. ಗಟ್ಟಿಯಾದುದು, ಗದ್ದ ಬಾಗಿಸಿದಾಗ, ಪೂರಾ ಅನ್ನನಾಳಕ್ಕೇ ಹೋಯಿತು. ಅತ್ತಿಗೆಯವರು ಪರದೆಯನ್ನೇ ನೋಡುತ್ತ, “ಹಂಗಾರ ದಿನಾ ನಾ ಹಾಕಿದ್ದು?” ಎಂದು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಿಕಿತ್ಸಕರು ಒಳ್ಳೆಯ ಮನುಷ್ಯರು. ಯಾವುದೋ ಒಂದು ಚಮಚದಿಂದಲ್ಲ, ಚಹ, ನೀರು, ಸಾರು ಎಲ್ಲದರಿಂದ ಆದದ್ದು, ಯಾರಿಗೂ ತಿಳಿಯುವಂತಿರಲಿಲ್ಲ ಎಂದು ಆಕೆಗೆ ಬಿಡಿಸಿ ಹೇಳಿದರು.

ಪಾದೋದಕವನ್ನು ನಿಲ್ಲಿಸಬೇಕೇ ಎಂಬುದು ಅತ್ತಿಗೆಯವರ ಮುಂದಿನ ಪ್ರಶ್ನೆಯಾಗಿತ್ತು. ಅದನ್ನು ಕೇಳಿದ್ದು ನನ್ನನ್ನು. ಅಷ್ಟಾವರಣಗಳಲ್ಲಿ ಒಂದಾದ ಪಾದೋದಕಕ್ಕೆ ಇಂತಿಷ್ಟು ಎಂಬ ಅಳತೆಯಿಲ್ಲ. ಬೆರಳ ತುದಿಯನ್ನು ಅದ್ದಿ ನಾಲಗೆಗೆ ಸೋಂಕಿಸಿದರೂ ಅದು ಪಾದೋದಕವೇ. ಹಾಗೆ ಮಾಡಬಹುದೇ ಎಂದು ಚಿಕಿತ್ಸಕರನ್ನು ಕೇಳಿದೆ. ಬಾಯಿಯನ್ನು ಮೊದಲು ಚೊಕ್ಕಟಗೊಳಿಸಿ, ನೆಟ್ಟಗೆ ಕೂರಿಸಿ, ತುಟಿ ನಾಲಗೆ ಒದ್ದೆಯಾಗುವಷ್ಟು ಮಾತ್ರ ಎಂದರು. ಈಗ ಹಾಗೆಯೇ ನಡೆದಿದೆ. ನೀರನ್ನು ಅವರು ಹೇಳಿಕೊಟ್ಟ ಪುಡಿ ಬೆರೆಸಿ ಮಂದಮಾಡಿ ಕೊಡುತ್ತಾರೆ. ಆ ಬಳಿಕ ಈ ಏಳು ತಿಂಗಳಲ್ಲಿ ಜ್ವರ ಮರುಕಳಿಸಿಲ್ಲ. ಮನೆಯಲ್ಲಿ ಲಕ್ವ ಹೊಡೆದ ಹಿರಿಯರಿದ್ದರೆ ಅವರನ್ನು ಮಲಗಿಸಿದಂತೆಯೇ ನೀರನ್ನಾಗಲಿ ಪಾದೋದಕವನ್ನಾಗಲಿ ಬಾಯಿಗೆ ಸುರಿಯಬೇಡಿರೆಂದು ಎಲ್ಲ ಮನೆಗಳ ತಾಯಂದಿರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಕೆಮ್ಮದಿದ್ದ ಮಾತ್ರಕ್ಕೆ ನೀರು ಸರಿದಾರಿ ಹಿಡಿಯಿತೆಂದಲ್ಲ.

ಲಿಂಗದ ವಿಷಯದಲ್ಲಿ ಇನ್ನೂ ಕೆಲವು ಮಾತುಗಳುಂಟು. ಪರೀಕ್ಷೆಯ ಸ್ಥಳವನ್ನು ಅನುಸರಿಸಿ ಧಾರಣೆಯ ಸ್ಥಳವನ್ನು ಬದಲಿಸಿಕೊಳ್ಳಬಹುದು. ಗಂಟಲು, ಎದೆ, ಜಠರಗಳನ್ನು ನೋಡುವಾಗ ಎಡ ಅಂಗೈ. ಬೇರಿಯಂ ಬಟ್ಟಲನ್ನು ಬಲಗೈಯಲ್ಲಿ ಹಿಡಿದರಾಯಿತು. ದೊಡ್ಡಕರುಳಿನ ಪರೀಕ್ಷೆಯಾದರೆ ದಾರವನ್ನು ಗಿಡ್ಡಮಾಡಿ ಕೊರಳಲ್ಲೇ ಇರಿಸಿಕೊಳ್ಳಲು ಸಾಮಾನ್ಯವಾಗಿ ಅಡ್ಡಿಯಿರದು. ಆಂಜಿಯೋಗ್ರಾಂ, ಇ.ಆರ್.ಸಿ.ಪಿ.ಗಳಲ್ಲಿ ಮಾತು ಬೇರೆ. ಅಲ್ಲಿ ಮಂಪರು ಬರಿಸುವ ಔಷಧ ಕೊಡುವುದುಂಟು, ಅಂಗೈ ಸಡಿಲವಾಗಿ ಲಿಂಗ ಕೆಳಗೆ ಬೀಳುವ ಸಂಭವವಿದೆ. ಮೈಯನ್ನು ನಿರ್ಮಲ ವಸ್ತ್ರಗಳಿಂದ ಮುಚ್ಚಿರುತ್ತಾರೆ, ಅದರೊಳಗೆ ಬೇರೇನೂ ಇರಕೂಡದು. ಅಂಥಲ್ಲಿ ಮನೆಯ ಲಿಂಗಧಾರಿಯೊಬ್ಬರು ಅದನ್ನು ವಸ್ತ್ರದಲ್ಲಿ ಸುತ್ತಿ ತಮ್ಮ ಕರಸ್ಥಲದಲ್ಲಿ ಹಿಡಿದು ಬಾಗಿಲ ಹೊರಗೆ ಕುಳಿತಿರಲಿ, ಮುಗಿದೊಡನೆ ಧರಿಸಲಿ ಎಂಬುದು ನನ್ನ ಅಭಿಪ್ರಾಯ. ದೀಕ್ಷೆಯಲ್ಲಿ ಗುರುವು ಬೆಸೆದ ಸಂಬಂಧವು ಅರ್ಧ ತಾಸಿನ ಚಿಕಿತ್ಸೆಯಿಂದ ಕಡಿಯುವಂಥದಲ್ಲ. ಸಂದೇಹ ಉಳಿದರೆ ತಮ್ಮ ಗುರುಗಳನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. ಟೇಬಲ್ಲಿನ ಮೇಲೆ ಮಲಗಿ ವಾದಕ್ಕೆ ತೊಡಗಬಾರದು. ಕಿರಣವು ಲಿಂಗದ ಮೇಲೆ ಬಿದ್ದರೆ ದೋಷವೇ ಎಂದೂ ಕೆಲವರು ಕೇಳುತ್ತಾರೆ. ಬೆಳಕು ಬಿದ್ದು ಹೋದಂತೆ ಅದು ಹಾಯ್ದು ಹೋಗುತ್ತದೆ, ಶಿಲೆಯಲ್ಲಿ ಏನನ್ನೂ ಉಳಿಸುವುದಿಲ್ಲ.

ಮುತ್ತೈದೆಯರು ತಾಳಿ ತೆಗೆಯಲು ಅಳುಕುವುದೂ ಇಂಥದೇ. ಪರೀಕ್ಷೆಗೆ ಹೊರಡುವಾಗಲೇ ಮನೆಯಲ್ಲಿ ಅರಿಶಿನದ ದಾರ ಕಟ್ಟಿಕೊಂಡು ಬಂದರೆ ಅಲ್ಲಿ ತೊಂದರೆಯಿಲ್ಲ. ಬಂಗಾರ ಕಟ್ಟಿಸಿದ ರುದ್ರಾಕ್ಷಿಯ ಸರವನ್ನೂ ಮನೆಯಲ್ಲಿಯೇ ಬಿಡುವುದು ಲೇಸು. ಎಂ.ಆರ್.ಐ. ಎಂಬುದು ಇದಕ್ಕಿಂತ ಭಿನ್ನವಾದ ಪರೀಕ್ಷೆ. ಅಲ್ಲಿ ಲೋಹವು ಚಿತ್ರವನ್ನು ಕೆಡಿಸುವುದಷ್ಟೇ ಅಲ್ಲ, ಅಪಾಯವನ್ನೂ ತರಬಲ್ಲದು. ಈ ಲೇಖನದ ಸಲಹೆಗಳನ್ನು ಅಲ್ಲಿಗೆ ಅನ್ವಯಿಸಬಾರದು.

ಬೇರಿಯಂ ಎಂದರೇನು? ಮಾಂಸಾದಿಗಳಿಂದ ಮಾಡಿದ್ದಲ್ಲ, ಖನಿಜದಿಂದ ಆದದ್ದು. ಬೆರೈಟ್ ಎಂಬ ಭಾರವಾದ ಅದಿರಿನಲ್ಲಿರುವುದು ಬೇರಿಯಂ ಸಲ್ಫೇಟ್. ನಮ್ಮ ನೆರೆಯ ಆಂಧ್ರದ ಮಂಗಂಪೇಟೆಯಲ್ಲಿ ಅದರ ದೊಡ್ಡ ಗಣಿಯಿದೆ. ಔಷಧಕ್ಕೆ ಬಳಸುವುದು ರಾಸಾಯನಿಕವಾಗಿ ಶುದ್ಧಗೊಳಿಸಿದ ಬಗೆ. ಬೇರಿಯಂನ ಬೇರೆ ಕೆಲವು ಲವಣಗಳು ವಿಷವೆಂಬುದು ನಿಜ. ಸಲ್ಫೇಟ್ ಮಾತ್ರ ನೀರಿನಲ್ಲಿಯೂ ಕರಗದು, ಜಠರದ ಆಮ್ಲದಲ್ಲಿಯೂ ಕರಗದು; ಆದ್ದರಿಂದ ರಕ್ತವನ್ನು ಸೇರದೆ ಬಂದ ದಾರಿಯಲ್ಲೇ ಮಲದೊಡನೆ ಹೊರಹೋಗುತ್ತದೆ. ಅದು ತಾನಾಗಿ ಕಿರಣ ಸೂಸುವ ವಸ್ತುವೂ ಅಲ್ಲ. ರುಚಿ ಮಾತ್ರ ಸೀಮೆಸುಣ್ಣವನ್ನು ಅರೆದು ಕಲಸಿದಂತೆ; ಪರಿಮಳ ಬೆರೆಸಿದರೂ ಆ ಗುಣ ಹೋಗದು. ಜಠರದ ಪರೀಕ್ಷೆಯಲ್ಲಿ ಇದರ ಜೊತೆಗೆ ನೊರೆಯೇಳುವ ಪುಡಿಯನ್ನೂ ಕೊಡಬಹುದು. ತೇಗು ಬಂದರೂ ತಡೆದುಕೊಳ್ಳಬೇಕು, ಆ ಗಾಳಿಯಿಂದಲೇ ಜಠರದ ಗೋಡೆ ಅರಳಿ ಸ್ಪಷ್ಟವಾಗಿ ಕಾಣುವುದು. ಕರುಳಿನಲ್ಲಿ ರಂಧ್ರವಾಗಿರುವ ಸಂಶಯವಿದ್ದಲ್ಲಿ ಬೇರಿಯಂ ಕೊಡದೆ ನೀರಿನಲ್ಲಿ ಕರಗುವ ಅಯೋಡಿನ್ ಔಷಧವನ್ನು ಬಳಸುತ್ತಾರೆ. ಆಂಜಿಯೋಗ್ರಾಂನಲ್ಲಿಯೂ ಅಯೋಡಿನ್ನೇ. ಹಿಂದೆ ಅದರಿಂದ ಮೈಮೇಲೆ ದದ್ದು ಎದ್ದಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸತಕ್ಕದ್ದು.

ಜಠರ ಮತ್ತು ಕರುಳಿನ ಪರೀಕ್ಷೆಗೆ ಹಿಂದಿನ ರಾತ್ರಿಯಿಂದ ಏನನ್ನೂ ಸೇವಿಸಕೂಡದೆಂದು ಹೇಳುತ್ತಾರೆ. ನಮ್ಮವರು ಉಪವಾಸಕ್ಕೆ ಅಂಜುವವರಲ್ಲ, ಆದರೆ ಉಪವಾಸವೆಂದರೆ ಚಹ, ತಾಂಬೂಲ, ಹೊಗೆಸೊಪ್ಪು ಬೇಡವೆಂದು ಅನೇಕರು ಭಾವಿಸುವುದಿಲ್ಲ! ಅವೂ ಕೂಡದು. ಬೆಳಗಿನ ಲಿಂಗಪೂಜೆಯನ್ನು ಯಥಾವತ್ತಾಗಿ ಮಾಡಿ, ಪಾದೋದಕ ಪ್ರಸಾದಗಳನ್ನು ಪರೀಕ್ಷೆಯಾದ ಮೇಲೆ ಸ್ವೀಕರಿಸಬಹುದು. ಮಧುಮೇಹವುಳ್ಳವರು ಇನ್ಸುಲಿನ್, ಮಾತ್ರೆಗಳ ಬಗೆಗೆ ವೈದ್ಯರನ್ನು ಕೇಳಿ, ಬೆಳಗಿನ ಮೊದಲ ಸರದಿಯನ್ನೇ ಪಡೆಯುವುದು ಒಳ್ಳೆಯದು.

ಇನ್ನು ಕಿರಣದ ಭಯ. ಯಂತ್ರವನ್ನು ಆರಿಸಿದೊಡನೆ ಕಿರಣವೂ ಇಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ. ಮೈಗೆ ಅದು ಮಾಡುವ ಅಲ್ಪ ಹಾನಿಯನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ವರ್ಷಕ್ಕೆ ತಗುಲುವುದು ಜಗತ್ತಿನ ಸರಾಸರಿಯಲ್ಲಿ ಸುಮಾರು 2.4. ಎದೆಯ ಒಂದು ಎಕ್ಸ್-ರೇಗೆ ಸುಮಾರು 0.1. ಅಣ್ಣನವರಿಗೆ ಮಾಡಿದಂಥ ನುಂಗುವಿಕೆಯ ಪರೀಕ್ಷೆಗೆ ಸಾಮಾನ್ಯವಾಗಿ 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಜಠರ ಕರುಳುಗಳ ಬೇರಿಯಂ ಪರೀಕ್ಷೆಗೆ 6ರ ಸಮೀಪ. ಯಂತ್ರ, ರೋಗಿಯ ಗಾತ್ರ, ಪರೀಕ್ಷೆಯ ಕಾಲಗಳಿಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುತ್ತದೆ. ಇದರಿಂದ ಮುಂದೆ ಅರ್ಬುದ ತಗುಲುವ ಸಂಭವವು ಅತ್ಯಲ್ಪ, ಆದರೆ ಸೊನ್ನೆಯಲ್ಲ. ಆದ್ದರಿಂದ “ಈ ಪರೀಕ್ಷೆಯಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?” ಎಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು. ಮಕ್ಕಳ ವಿಷಯದಲ್ಲಂತೂ ಕೇಳಲೇಬೇಕು. ಗರ್ಭಿಣಿಯರು, ಮುಟ್ಟು ತಪ್ಪಿದವರು ಸಂಕೋಚಪಡದೆ ಮೊದಲೇ ಹೇಳಬೇಕು. ಅತ್ತೆ ಮಾವಂದಿರ ಎದುರಿಗೆ ಹೇಳಲು ನಾಚಿ ಸುಮ್ಮನಿರುವ ಸೊಸೆಯಂದಿರುಂಟು. ಹಿರಿಯರು ಒಂದು ಗಳಿಗೆ ಹೊರಗೆ ನಿಂತು ಆಕೆಗೆ ಅವಕಾಶ ಮಾಡಿಕೊಡಲಿ.

“ವೈದ್ಯರು ಸೀಸದ ಅಂಗಿ ತೊಟ್ಟು ಗಾಜಿನ ಹಿಂದೆ ನಿಲ್ಲುತ್ತಾರೆ, ನಮ್ಮನ್ನು ಮಾತ್ರ ಕಿರಣಕ್ಕೆ ಒಡ್ಡುತ್ತಾರೆ” ಎಂದು ಶಂಕಿಸುವವರಿದ್ದಾರೆ. ದಾಸೋಹದ ಅಡುಗೆಮನೆಯನ್ನು ನೆನೆಯಿರಿ. ದಿನವಿಡೀ ದೊಡ್ಡ ಒಲೆಗಳ ಮುಂದೆ ನಿಲ್ಲುವವನು ಹೊಗೆಯಿಂದ ಕಣ್ಣು ಕಾಪಾಡಿಕೊಳ್ಳಬೇಕು. ಒಂದು ದಿನ ಪ್ರಸಾದಕ್ಕೆ ಬಂದು ಹೋಗುವವನಿಗೆ ಆ ಚಿಂತೆಯಿಲ್ಲ. ಡಾಲಿಯ ಕೈಗೆ ಆದದ್ದು ಇಂದಿನ ತಂತ್ರಜ್ಞರಿಗೆ ಆಗಬಾರದೆಂದೇ ಈ ಏರ್ಪಾಡು. ಹಿಂದೆ ರೋಗಿಯ ಕೆಳಹೊಟ್ಟೆಯ ಮೇಲೂ ಸೀಸದ ಹೊದಿಕೆ ಹಾಸುತ್ತಿದ್ದರು. ಅದರಿಂದ ಪ್ರಯೋಜನ ಅಲ್ಪ, ಕೆಲವೊಮ್ಮೆ ಚಿತ್ರಕ್ಕೆ ಅಡ್ಡಿ ಎಂದು ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘವು 2019ರಲ್ಲಿ ಆ ರೂಢಿಯನ್ನು ಕೈಬಿಡಲು ಸಲಹೆ ಮಾಡಿತು. ಹೊದಿಸಲಿಲ್ಲವೆಂದು ಜಗಳವಾಡಬೇಕಾಗಿಲ್ಲ.

ಎಚ್ಚರ ಬೇಕಾದುದು ದೀರ್ಘಕಾಲ ನಡೆಯುವ ಚಿಕಿತ್ಸೆಗಳಲ್ಲಿ. ಜಟಿಲವಾದ ಆಂಜಿಯೋಪ್ಲಾಸ್ಟಿಯಂಥದರಲ್ಲಿ ಕಿರಣವು ಬೆನ್ನಿನ ಒಂದೇ ಭಾಗದ ಮೇಲೆ ಬಹಳ ಹೊತ್ತು ಬೀಳಬಹುದು. ಇದರಿಂದ ಚರ್ಮಕ್ಕೆ ಗಾಯವಾಗುವುದನ್ನು ಕುರಿತು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1994ರಲ್ಲಿಯೇ ವೈದ್ಯರನ್ನು ಎಚ್ಚರಿಸಿತ್ತು. ಗಾಯವು ಕೂಡಲೇ ಕಾಣದೆ ವಾರಗಳ ಮೇಲೆ ಕಾಣಿಸಿಕೊಳ್ಳುವುದುಂಟು. ಇಂಥ ಚಿಕಿತ್ಸೆಯಾದವರ ಬೆನ್ನನ್ನು ಮನೆಯವರು ಕೆಲವು ವಾರ ನೋಡುತ್ತಿರಬೇಕು. ನಾಣ್ಯದಂತೆಯೋ ಚೌಕವಾಗಿಯೋ ಕೆಂಪಗಾದರೆ ಹುಳುಕಡ್ಡಿಯೆಂದು ಮುಲಾಮು ಹಚ್ಚಿ ಸುಮ್ಮನಾಗದೆ ಚಿಕಿತ್ಸೆ ಮಾಡಿದ ವೈದ್ಯರಿಗೇ ತೋರಿಸಬೇಕು. ನಮ್ಮ ದೇಶದಲ್ಲಿ ಕ್ಷ-ಕಿರಣ ಯಂತ್ರಗಳಿಗೆ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅದು ಇದೆಯೇ ಎಂದು ವಿಚಾರಿಸುವುದರಲ್ಲಿ ತಪ್ಪೇನಿಲ್ಲ.

ಬೇರಿಯಂ ಕುಡಿದ ಮೇಲೆ ಒಂದೆರಡು ದಿನ ಮಲವು ಬೆಳ್ಳಗಾಗುತ್ತದೆ, ಗಾಬರಿ ಬೇಡ. ಅದು ಕರುಳಿನಲ್ಲಿ ಗಟ್ಟಿಯಾಗಿ ಮಲಬದ್ಧತೆ ಉಂಟುಮಾಡುವುದರಿಂದ, ನುಂಗುವ ತೊಂದರೆಯಿಲ್ಲದವರು ನೀರು, ಮಜ್ಜಿಗೆ, ಹಣ್ಣು, ಸೊಪ್ಪುಗಳನ್ನು ಹೆಚ್ಚಾಗಿ ಸೇವಿಸಬೇಕು. ಎರಡು ಮೂರು ದಿನವಾದರೂ ಮಲಪ್ರವೃತ್ತಿಯಾಗದಿದ್ದರೆ, ಹೊಟ್ಟೆ ಉಬ್ಬಿ ನೋವು ಬಂದರೆ ವೈದ್ಯರನ್ನು ಕಾಣಬೇಕು. ಪರೀಕ್ಷೆಯ ವರದಿಯನ್ನೂ ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆದು, ದಿನಾಂಕ ಬರೆದು, ಮನೆಯಲ್ಲಿ ಜೋಪಾನವಾಗಿಡಿ. ಮುಂದೆ ಬೇರೆ ಊರಿನ ವೈದ್ಯರ ಬಳಿಗೆ ಹೋದಾಗ ಅದನ್ನು ತೋರಿಸಿದರೆ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾದ ಅಗತ್ಯ ಬಾರದಿರಬಹುದು.